ಗೌಡರ ಮೀಸೆ, ಮಾದೇಶನ ಮುಷ್ಟಿ

ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಪುಟ್ಟ ತಮ್ಮ ಮಾದೇಶನನ್ನು ದೇವೀರಿಯೇ ಸಾಕುತ್ತಿದ್ದಳು. ಒಂದು ಮಧ್ಯಾಹ್ನ ದೊಡ್ಡಪ್ಪ ಹಲಗೇಗೌಡರು ಮೀಸೆ ತಿರುವುತ್ತಾ ಬಂದರು.

"ಮದುವೆಯಾಗದ ಹುಡುಗಿ ಮಗು ಸಾಕೋದಾ? ನಾಲ್ಕು ಜನ ನಗ್ತಾರೆ. ಇವನನ್ನ ಇವತ್ತೇ ಕರ್ಕೊಂಡೋಯ್ತೀನಿ. ಹೋರಿ ಪಳಗಿಸಿದ ಕೈ ಇದು!"

ದೇವೀರಿ ಉದ್ದ ಜಡೆಯನ್ನು ಸುತ್ತಿ ತುರುಬು ಕಟ್ಟಿಕೊಂಡಳು.

"ಆಗಲಿ ದೊಡ್ಡಪ್ಪಾ. ಅವನಿಗೆ ನಿದ್ದೆ ಹೊತ್ತು. ನೀವೇ ಮಲಗಿಸಿ, ಹಂಗೇ ಎತ್ಕೊಂಡೋಗಿ."

ಅಕ್ಕನ ಜಡೆ ಹಿಡಿಯದೆ ಮಾದೇಶನಿಗೆ ನಿದ್ದೆ ಬಾರದು. ಗೌಡರ ತೊಡೆಯ ಮೇಲೆ ಕಣ್ಣು ಮುಚ್ಚಿಕೊಂಡೇ ತಡಕಾಡಿದ. ಮೀಸೆ ಸಿಕ್ಕಿತು. ಮುಷ್ಟಿ ಬಿಗಿದು ಮಲಗಿಬಿಟ್ಟ. ಗೌಡರು ಬಿಡಿಸಿಕೊಳ್ಳಲು ನೋಡಿದರೆ ಕೇರಿಗೇ ಕೇಳುವಂತೆ ಕಿರುಚಿ ಇನ್ನೂ ಜಗ್ಗಿದ. ಬಗ್ಗಿದ ಕತ್ತು ಬಗ್ಗಿದಂತೆಯೇ ಉಳಿಯಿತು. ಬಾಗಿಲಲ್ಲಿ ಜನ ಸೇರಿ ನಗತೊಡಗಿದರು.

"ಏನಾದ್ರೂ ಮಾಡವ್ವಾ!" ಗೌಡರ ಕಣ್ಣಲ್ಲಿ ನೀರು.

"ರಾತ್ರಿಯೆಲ್ಲಾ ಹಿಂಗೇ ದೊಡ್ಡಪ್ಪಾ," ದೇವೀರಿ ರಾಗಿ ಕೇರುತ್ತಾ ಅಂದಳು.

"ಅಯ್ಯೋ, ನಿನ್ನ ತಮ್ಮ ನಿನ್ನ ಹತ್ರಾನೇ ಇರ್ಲಿ!"

ದೇವೀರಿ ಮೊರ ಕೆಳಗಿಟ್ಟು ತುರುಬು ಬಿಚ್ಚಿದಳು. ಜಡೆ ತಾಕಿದ್ದೇ ತಡ, ಮಾದೇಶ ಮೀಸೆ ಬಿಟ್ಟ.

ಈಗಲೂ ಆ ಬೀದಿಗೆ ಬಂದರೆ ಗೌಡರ ಕೈ ಮೀಸೆ ಬಿಟ್ಟು ಇಳಿಯುವುದಿಲ್ಲ. ಹೊಸಬರು ಅದನ್ನು ಗತ್ತು ಅಂದುಕೊಳ್ಳುತ್ತಾರೆ.