ನೆಟ್ಟಗಾಗಲೊಲ್ಲದ ನೀಳಪ್ಪ

ಒಂದಾನೊಂದು ಊರಿನಲ್ಲಿ ಎಲ್ಲವೂ ಇತ್ತು, ಅಳತೆಗೋಲು ಮಾತ್ರ ಇರಲಿಲ್ಲ. ಅದರ ಬದಲು ಒಂದು ಕೇರೆಹಾವು ಇತ್ತು. ಹೆಸರು ನೀಳಪ್ಪ. ಸೀರೆಯನ್ನು ಅದರಿಂದಲೇ ಅಳೆಯುತ್ತಿದ್ದರು. ಹೊಲವನ್ನೂ ಅದರಿಂದಲೇ. ಅಂಗಳದ ನೆರಳಿಗೆ ಅದನ್ನು ಹಿಡಿದು, ಹೊತ್ತು ಎಷ್ಟಾಯಿತು ಎಂಬುದನ್ನೂ ಅದರಿಂದಲೇ ತೀರ್ಮಾನಿಸುತ್ತಿದ್ದರು.

ನೀಳಪ್ಪನನ್ನು ಮೊಟ್ಟೆಯೊಡೆದು ಬಂದಂದಿನಿಂದ ಸಾಕಿದವಳು ಸಾವಂತ್ರಮ್ಮ. ಬಹಳ ಶಿಸ್ತಿನ ಹೆಂಗಸು. ಅವಳ ಬೆನ್ನು ಒರಗಿದ್ದನ್ನು ಮನೆಯ ಗೋಡೆಯೂ ಕಂಡಿರಲಿಲ್ಲ. ದಿನಾ ಬೆಳಿಗ್ಗೆ ಅವಳು ಹಾವನ್ನು ಒಣಬಟ್ಟೆಯಿಂದ ತಿಕ್ಕಿ ಒರೆಸಿ, ಹಲಗೆಯ ಮೇಲೆ ಇಟ್ಟು, ತಲೆ ಒಂದು ಕೈಯಲ್ಲಿ, ಬಾಲ ಒಂದು ಕೈಯಲ್ಲಿ ಹಿಡಿದು, "ನೆಟ್ಟಗೆ" ಎನ್ನುವಳು. ನೀಳಪ್ಪ ನೆಟ್ಟಗಾಗುವುದು.

ಆ ಊರಿನಲ್ಲಿ ಬುಟ್ಟಿ ಮಾತಾಡುತ್ತಿತ್ತು. ನೀರಿನ ಬಾನಿ ಮಾತಾಡುತ್ತಿತ್ತು. ಒನಕೆಯ ಬಾಯಿ ಮುಚ್ಚಿಸುವವರೇ ಇರಲಿಲ್ಲ. ಹಾವು ಮಾತ್ರ ಮಾತಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀಳಪ್ಪ ಬುಟ್ಟಿಯಲ್ಲಿ ಸುತ್ತಿಕೊಂಡೇ ಇತ್ತು. ಹಾಕಿದ ಇಲಿ ಹಾಗೇ ಬಿದ್ದಿತ್ತು.

"ನೆಟ್ಟಗೆ" ಎಂದಳು ಸಾವಂತ್ರಮ್ಮ.

ನೀಳಪ್ಪ ಬುಸ್ಸೆಂದಿತು. ಅವಳ ಮೇಲೆ ಅದು ಎಂದೂ ಬುಸುಗುಟ್ಟಿರಲಿಲ್ಲ.

"ಹಟ" ಎಂದು ಸಾವಂತ್ರಮ್ಮ ಬುಟ್ಟಿಯ ಮುಚ್ಚಳ ಹಾಕಿದಳು. "ಹಟಕ್ಕೆ ಸೊಪ್ಪು ಹಾಕಬಾರದು."

ಆದರೆ ಅಳತೆ ಎಂದರೆ ಅಳತೆ. ಸುತ್ತಿಕೊಂಡ ನೀಳಪ್ಪ ಒಂದು ಗೇಣೂ ಇರಲಿಲ್ಲ. ಬಟ್ಟೆ ಅಂಗಡಿಯವನು ಅಷ್ಟಕ್ಕೇ ಅಳೆದು ಸೀರೆ ಕತ್ತರಿಸಿದ. ಹೆಂಗಸರು ಕರವಸ್ತ್ರ ಉಟ್ಟುಕೊಳ್ಳಲು ನೋಡಿ ಬೇಸತ್ತರು. ಅರಮನೆಗೂ ಪೇಟೆಗೂ ನಡುವಿನ ದೂರ ಕುಗ್ಗಿತು. ರಾಜ ಉದ್ದಂಡರಾಯ ಬಾಗಿಲಿಂದ ಒಂದು ಹೆಜ್ಜೆ ಆಚೆಗಿಟ್ಟು, "ಪೇಟೆ ಬಂತು" ಎಂದು ದ್ವಾರಪಾಲಕನ ಹತ್ತಿರ ಬದನೆಕಾಯಿ ಕೇಳಿದ.

"ನನ್ನ ಹತ್ತಿರ ಎಲ್ಲಿಂದ ಬರಬೇಕು, ದೊರೆಗಳೇ?"

"ಪೇಟೆಯಲ್ಲಿ ನಿಂತಿದ್ದೀಯ, ಬದನೆಕಾಯಿ ಇಲ್ಲ ಅಂದರೆ ಹೇಗಯ್ಯ?"

ಅಷ್ಟರಲ್ಲಿ ಹಾವಿಗೆ ಹುಷಾರಿಲ್ಲ ಎಂಬ ಸುದ್ದಿ ಹಬ್ಬಿತು. ಹುಷಾರಿಲ್ಲದ ಹಾವಿಗೆ ಏನು ಮಾಡಬೇಕು? ಊರಿನ ಹೆಂಗಸರೆಲ್ಲ ತಂಬಿಗೆ ತಂಬಿಗೆ ಹಾಲು ತಂದು ಅದರ ತಲೆಯ ಮೇಲೆ ಸುರಿದರು. ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಗಂಟೆ ಬಾರಿಸಿದರು. ನೀಳಪ್ಪ ಬುಟ್ಟಿಯಿಂದ ಜಾರಿ ಬಾನಿಯೊಳಗೆ ಮುಳುಗಿ ಕೂತಿತು. ಹೆಂಗಸರು ಬಾನಿಗೂ ಹಾಲು ಸುರಿದರು.

ಕೊನೆಗೆ ರಾಜನೇ ಬಡಗಿಯನ್ನು ಕರೆದುಕೊಂಡು ಬಂದ.

"ಸಾವಂತ್ರಮ್ಮ, ರಾಜ್ಯ ಬುಟ್ಟಿಯಷ್ಟಾಗಿದೆ. ಇದನ್ನು ಮೊಳೆಯಿಂದ ಹಲಗೆಗೆ ಹೊಡೆಸಿಬಿಡುತ್ತೇನೆ. ಆಮೇಲೆ ಸದಾ ನೆಟ್ಟಗಿರುತ್ತದೆ."

"ಮೊಳೆ ಎಲ್ಲೆಲ್ಲಿ ಬರುತ್ತದೆ?" ಎಂದು ಸಾವಂತ್ರಮ್ಮ ಬಡಗಿಯನ್ನು ಕೇಳಿದಳು.

"ತಲೆಗೊಂದು, ಬಾಲಕ್ಕೊಂದು. ತಾವು ದಿನಾ ಹಿಡಿಯುತ್ತೀರಲ್ಲ ಅಮ್ಮ, ಅಲ್ಲೇ."

ಸಾವಂತ್ರಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ನನಗೆ ಸಮಯ ಬೇಕು, ದೊರೆಗಳೇ."

"ಎಷ್ಟು ಹೊತ್ತು?"

"ಹೊತ್ತು ಅಳೆಯಲು ನೀಳಪ್ಪ ನೆಟ್ಟಗಾಗಬೇಕು. ಅಲ್ಲಿಯವರೆಗೆ ಎಷ್ಟು ಹೊತ್ತಾಯಿತು ಎಂದು ತಾವಾದರೂ ಹೇಗೆ ಹೇಳುತ್ತೀರಿ?"

ರಾಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ತಪ್ಪು ಸಿಗಲಿಲ್ಲ. ಬಡಗಿಯ ಜೊತೆ ಜಗುಲಿಯ ಮೇಲೆ ಕೂತ.

ಸಾವಂತ್ರಮ್ಮ ಬಾನಿಯ ಬಳಿಗೆ ಹೋದಳು.

"ಹಾಲೆಲ್ಲ ನನ್ನ ಹೊಟ್ಟೆಗೆ ಹೋಯಿತು" ಎಂದಿತು ಬಾನಿ. "ಅದು ಒಂದು ತೊಟ್ಟೂ ಮುಟ್ಟಿಲ್ಲ."

"ಹಾಗಾದರೆ ನಿನ್ನೊಳಗೆ ಏಕೆ ಕೂತಿದೆ?"

"ನನ್ನನ್ನು ಕೇಳುತ್ತೀರಲ್ಲ ಅಮ್ಮಾವ್ರೇ, ಅದರ ಕಣ್ಣು ಯಾವ ಬಣ್ಣ?"

ನೀಳಪ್ಪನ ಉದ್ದ ಅವಳಿಗೆ ಕೂದಲೆಳೆಯಷ್ಟೂ ತಪ್ಪದೆ ಗೊತ್ತಿತ್ತು. ಕಣ್ಣು ಯಾವ ಬಣ್ಣ? "ಕಪ್ಪು" ಎಂದಳು. ಆದರೂ ನೋಡೋಣವೆಂದು ಬಗ್ಗಿದಳು. ಬೆನ್ನು ಲಟಕ್ಕೆಂದಿತು.

ಕಣ್ಣು ಮಜ್ಜಿಗೆಯ ತಿಳಿಯ ಹಾಗೆ ಮಬ್ಬಾಗಿತ್ತು. ಪಾಪ, ಅದಕ್ಕೆ ಅವಳು ಕಾಣುತ್ತಲೇ ಇರಲಿಲ್ಲ. ಹತ್ತಿರ ಬಂದ ಕೈ ಯಾರ ಕೈಯೋ. ಕತ್ತಿನ ಬಳಿ ಹಳೆಯ ಪೊರೆ ಸುಕ್ಕುಸುಕ್ಕಾಗಿ ಒಣಗಿ ಅಂಟಿತ್ತು, ಅವಳು ದಿನಾ ತಿಕ್ಕಿ ಒರೆಸುತ್ತಿದ್ದ ಕಡೆಯಲ್ಲೇ. ಮೂಗಿನ ತುದಿ ಕೆಂಪಾಗಿ ತರಚಿತ್ತು.

"ಇದು ಯಾವಾಗ ಆಯಿತು?" ಎಂದು ಬುಟ್ಟಿಯನ್ನು ಕೇಳಿದಳು.

"ಪೊರೆ ಬಿಡಿಸಿಕೊಳ್ಳಲು ನನಗೆ ಮೂಗು ಉಜ್ಜಿ ಉಜ್ಜಿ ಸಾಕಾಯಿತು ಅದಕ್ಕೆ. ತಾವು ಹಟ ಅಂದಿರಿ. ತಮ್ಮ ಮಾತಿಗೆ ಎದುರಾಡುವ ಬುಟ್ಟಿ ನಾನಲ್ಲ."

ಸಾವಂತ್ರಮ್ಮ ಬಾನಿಯ ಹಾಲು ಚೆಲ್ಲಿದಳು. ಬೆಚ್ಚಗಿನ ನೀರಿನಲ್ಲಿ ಅರಿಶಿನ ಕುಂಕುಮ ತೊಳೆದಳು. ಕತ್ತಲೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲ ಹಾಸಿ, ಪಕ್ಕದಲ್ಲಿ ಒಂದು ಒರಟು ಕಲ್ಲು ಇಟ್ಟು, ನೀಳಪ್ಪನನ್ನು ಬಿಟ್ಟು ಬಾಗಿಲು ಮುಚ್ಚಿದಳು. ಹೊರಗೆ ಮತ್ತೆ ತಂಬಿಗೆಗಳು ಬಂದಿದ್ದವು.

"ಒಳಗೆ ರಾಜ್ಯ ಮಲಗಿದೆ" ಎಂದಳು. "ಎಲ್ಲರೂ ಮನೆಗೆ ನಡೆಯಿರಿ. ಗಂಟೆ ಅಲ್ಲಾಡಕೂಡದು."

"ನಾನು?" ಎಂದ ರಾಜ.

"ತಾವು ಜಗುಲಿಯ ಮೇಲೆ. ಸದ್ದಿಲ್ಲದೆ."

ಒದ್ದೆ ಗೋಣಿ ಹಾಸುವುದು ಕಷ್ಟವಾಗಲಿಲ್ಲ. ಮುಟ್ಟದೆ ಇರುವುದು ಕಷ್ಟವಾಯಿತು. ಕೈಗಳು ಮತ್ತೆ ಮತ್ತೆ ಒಣಬಟ್ಟೆಯನ್ನು ಹುಡುಕಿಕೊಂಡು ಹೋದವು. ಸಾವಂತ್ರಮ್ಮ ಅವುಗಳ ಮೇಲೆ ಕೂತುಬಿಟ್ಟಳು.

ಎಷ್ಟು ಹೊತ್ತು ಕೂತಿದ್ದಳೋ, ಅಳೆಯುವವರಿರಲಿಲ್ಲ. ಕೊನೆಗೆ ಒಳಗಿಂದ ಸರಸರ ಎಂದಿತು. ಬಾಗಿಲು ತೆರೆದರೆ, ನೀಳಪ್ಪ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತ ಎದುರಿಗೆ ಬಂತು. ತಿಳಿಯಾದ ಕಣ್ಣಿನಿಂದ ಅವಳನ್ನು ನೋಡಿತು. ಕಣ್ಣು ಕಪ್ಪೇ ಆಗಿತ್ತು. ಅಂಚಿನಲ್ಲೊಂದು ಹೊಂಬಣ್ಣದ ಬಳೆ, ಅದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ನೀಳಪ್ಪ ಅಂಕುಡೊಂಕಾಗಿ ಅವಳ ಪಾದದ ಮೇಲೆ ಹಾದು ಹೋಯಿತು. ಅವಳು "ನೆಟ್ಟಗೆ" ಎನ್ನಲಿಲ್ಲ.

ಕಲ್ಲಿನ ಪಕ್ಕದಲ್ಲಿ ಪೊರೆ ಬಿದ್ದಿತ್ತು. ಮೂಗಿನಿಂದ ಬಾಲದವರೆಗೆ, ನೆಟ್ಟಗೆ. ಸಾವಂತ್ರಮ್ಮ ಅದನ್ನು ರಾಜನ ಕೈಗೆ ಕೊಟ್ಟಳು.

"ಇಗೋ ನಿಮ್ಮ ಅಳತೆ. ಇದಕ್ಕೆ ಎಲ್ಲಿ ಬೇಕಾದರೂ ಮೊಳೆ ಹೊಡೆಸಿ. ನೋಯುವುದಿಲ್ಲ."

ಪೊರೆ ಹಾವಿಗಿಂತ ಕೊಂಚ ಉದ್ದವೇ ಇರುತ್ತದೆ. ಹಾಗಾಗಿ ರಾಜ್ಯವೂ ಮೊದಲಿಗಿಂತ ಕೊಂಚ ದೊಡ್ಡದಾಯಿತು. ಸೀರೆಗಳಿಗೆ ಸೆರಗು ಹೆಚ್ಚಿತು. ಅರಮನೆ ದೂರವಾಯಿತು. ಉದ್ದಂಡರಾಯ ಮನೆಗೆ ಹೊರಟವನು ಇನ್ನೂ ನಡೆಯುತ್ತಲೇ ಇದ್ದಾನಂತೆ. ದ್ವಾರಪಾಲಕ ಬದನೆಕಾಯಿ ವ್ಯಾಪಾರದಲ್ಲಿ ಚೆನ್ನಾಗಿದ್ದಾನೆ.

ಅಂದು ಸಂಜೆ ಸಾವಂತ್ರಮ್ಮ ಕಾಲು ಚಾಚಿ ಗೋಡೆಗೆ ಒರಗಿದಳು.

"ಯಾರದು?" ಎಂದಿತು ಗೋಡೆ.

"ನಾನೇ" ಎಂದಳು. ನೀಳಪ್ಪ ಅವಳ ಮಡಿಲಲ್ಲಿ ಸುತ್ತಿಕೊಂಡಿತ್ತು.

ಕತೆ ಇರುವುದು ಇಷ್ಟೇ ಉದ್ದ. ಇನ್ನೂ ಬೇಕು ಎಂದು ಯಾರೂ ಇದರ ತಲೆ ಬಾಲ ಹಿಡಿದು ಎಳೆಯಬಾರದು. ಮೊದಲು ಅದರ ಕಣ್ಣು ನೋಡಿ.