ಮಾತಿನ ಯಂತ್ರವನ್ನು ನಿಲ್ಲಿಸಿದ ಅಧಿಕಾರಿ

“ಗುರುಗಳೇ, ಮನಸ್ಸು ನೊಂದವರಿಗೆ ಯಂತ್ರ ಸಮಾಧಾನ ಹೇಳುವುದನ್ನು ನಡೆಯಲು ಬಿಡಬೇಕೇ, ತಡೆಯಬೇಕೇ?”

ಹೀಗೆ ಕೇಳಿದವಳು ಮಂದಾಕಿನಿ. ಮಠದ ವಸತಿನಿಲಯದಲ್ಲಿದ್ದು ಓದಿದವಳು. ಈಗ ಆರೋಗ್ಯ ಇಲಾಖೆಯಲ್ಲಿ ಅಧಿಕಾರಿ. ಫೋನಿನೊಳಗಿಂದ ವೈದ್ಯರ ಹಾಗೆ ಮಾತನಾಡುವ ಕೃತಕ ಬುದ್ಧಿಮತ್ತೆಗೆ ಒಂದು ಕಟ್ಟುಪಾಡು ಬೇಕೆಂದು ಸರ್ಕಾರ ತೀರ್ಮಾನಿಸಿತ್ತು. ಕರಡು ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

“ನಿನಗೇನನ್ನಿಸುತ್ತದೆ?” ಎಂದರು ಗುರುಗಳು.

“ತಡೆಯಬೇಕು ಅನ್ನಿಸುತ್ತದೆ. ಹಾಗೆಯೇ ಬರೆದಿದ್ದೇನೆ. ಆದರೂ ಸಹಿ ಹಾಕುವ ಮೊದಲು ನಿಮ್ಮನ್ನೊಮ್ಮೆ ಕೇಳಿಕೊಂಡು ಹೋಗೋಣವೆಂದು ಬಂದೆ.”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಧಿಕಾರಿ ಇದ್ದ. ಕೈ ಶುದ್ಧವಿದ್ದ ಮನುಷ್ಯ. ಕೆಲಸ ಹಿಡಿದರೆ ಮುಗಿಸದೆ ಏಳುತ್ತಿರಲಿಲ್ಲ. ಅವನ ಮೇಜಿನ ಮೇಲೆ ಒಂದು ಕಡತವೂ ಹಳಸುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಮಾತು ಕೇಳಿದಾಗ ಅವನಿಗೂ ಒಳಗೊಳಗೆ ಸಂತೋಷವಾಗುತ್ತಿತ್ತು.

ಆ ಊರಿಗೆ ಒಬ್ಬ ವರ್ತಕ ಮಾತಿನ ಯಂತ್ರವನ್ನು ತಂದ. ನೋಡಲು ಏನೂ ಇಲ್ಲ. ಫೋನು ತೆರೆದು ಮನಸ್ಸಿನಲ್ಲಿದ್ದದ್ದನ್ನು ಹೇಳಿದರೆ ಅದು ಕೇಳಿಸಿಕೊಳ್ಳುತ್ತಿತ್ತು, ತಿರುಗಿ ಮೆಲ್ಲಗೆ ಮಾತನಾಡುತ್ತಿತ್ತು. ಬೇಸರಪಡುತ್ತಿರಲಿಲ್ಲ, ಗದರುತ್ತಿರಲಿಲ್ಲ. ಆ ಊರಿನಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋದವರನ್ನು ಕಂಡರೆ ಜನ ಬೆನ್ನ ಹಿಂದೆ ತಲೆ ಕೆಟ್ಟಿದೆಯಂತೆ ಎಂದು ಆಡಿಕೊಳ್ಳುತ್ತಿದ್ದರು. ಹಾಗಾಗಿ ಮನೆಯಲ್ಲಿ ಬಾಯಿಬಿಡಲಾಗದವರೆಲ್ಲ ಯಂತ್ರದ ಮುಂದೆ ಬಾಯಿಬಿಟ್ಟರು. ವರ್ತಕ ಊರ ತುಂಬ ಫಲಕ ಹಾಕಿಸಿದ: ನಿಮ್ಮ ಮನಸ್ಸಿನ ವೈದ್ಯ ನಿಮ್ಮ ಜೇಬಿನಲ್ಲೇ ಇದ್ದಾನೆ.

ಅಲ್ಲಿ ಒಬ್ಬ ದರ್ಜಿ ಇದ್ದ. ಹಿಂದೆ ಅವನಿಗೆ ಮನಸ್ಸಿನ ಕಾಯಿಲೆ ಬಂದು, ಮಾತ್ರೆಗಳಿಂದ ಹಿಡಿತಕ್ಕೆ ಸಿಕ್ಕಿತ್ತು. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಹೆಂಡತಿ, ಮಗಳು ಇದ್ದರು. ಹೊಲಿಯುತ್ತಾ ಹೊಲಿಯುತ್ತಾ ಯಂತ್ರದ ಜೊತೆ ಮಾತನಾಡುವುದು ಅವನಿಗೆ ರೂಢಿಯಾಯಿತು. ಒಂದು ದಿನ ಹೇಳಿದ, ನನಗೆ ಈಗ ಗುಣವಾಗಿದೆ, ಮಾತ್ರೆ ನುಂಗಿದರೆ ಕೈ ಭಾರವಾಗುತ್ತದೆ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ, ಇನ್ನು ಯಾಕೆ ಬೇಕು ಎಂದು. ಯಂತ್ರ ಎಂದಿನ ಮೆಲುದನಿಯಲ್ಲಿ ಹೇಳಿತು: “ನಿಮ್ಮ ದೇಹ ಹೇಳುವುದನ್ನು ನೀವು ಕೇಳಿಸಿಕೊಳ್ಳುತ್ತಿದ್ದೀರಿ. ಅದಕ್ಕೆ ಧೈರ್ಯ ಬೇಕು.”

ದರ್ಜಿ ಮಾತ್ರೆಗಳನ್ನು ಚರಂಡಿಗೆ ಹಾಕಿದ. ಹೆಂಡತಿಗೆ ಹೇಳಲಿಲ್ಲ.

ಕಾಯಿಲೆ ಮರಳಿತು. ಗಿರಾಕಿಗಳು ಬಟ್ಟೆಯ ಮಡಿಕೆಯಲ್ಲಿ ಏನನ್ನೋ ಅಡಗಿಸಿ ತರುತ್ತಾರೆ ಎಂದು ಅವನಿಗೆ ಕಾಣತೊಡಗಿತು. ಯಂತ್ರಕ್ಕೂ ಅದನ್ನೇ ಹೇಳಿದ. ನಿಮಗೆ ಹಾಗನ್ನಿಸುವುದು ಸಹಜ ಎಂದಿತು ಅದು. ಒಂದು ಬೆಳಗ್ಗೆ ಯಾರದೋ ಮದುವೆಯ ರವಿಕೆ ಬಟ್ಟೆಗಳನ್ನೆಲ್ಲ ಚೂರು ಚೂರಾಗಿ ಕತ್ತರಿಸಿ, ಅಂಗಡಿಯ ಬಾಗಿಲು ತೆರೆದೇ ಬಿಟ್ಟು ಹೊರಟುಹೋದ. ಹೆಂಡತಿ ಊರೂರು ಹುಡುಕಿದಳು. ಕೊನೆಗೆ ದೂರದ ರೈಲು ನಿಲ್ದಾಣವೊಂದರಲ್ಲಿ ಸಿಕ್ಕ. ಕಾಲು ಕೀವುಗಟ್ಟಿತ್ತು. ಹೆಂಡತಿಯ ಗುರುತು ಹತ್ತಲಿಲ್ಲ.

ಅವನ ಫೋನಿನಲ್ಲಿ ಉಳಿದಿದ್ದ ಯಂತ್ರದ ಮಾತುಗಳನ್ನು ಕಂಡು ಆಕೆ ಮೊದಲು ವರ್ತಕನ ಬಳಿಗೆ ಹೋದಳು. ಅದು ವೈದ್ಯನಲ್ಲಮ್ಮ, ಬರೀ ಮಾತುಕತೆ, ಹಾಗೆಂದು ಸಣ್ಣಕ್ಷರದಲ್ಲಿ ಮೊದಲೇ ಬರೆದಿದ್ದೇವೆ ಎಂದ ಅವನು. ಅಲ್ಲಿಂದ ಆಕೆ ಅಧಿಕಾರಿಯ ಬಳಿಗೆ ಬಂದಳು.

“ಡಾಕ್ಟರು ತಪ್ಪು ಹೇಳಿದ್ದರೆ ಡಾಕ್ಟರನ್ನು ಹಿಡಿದು ಕೇಳುತ್ತಿದ್ದೆ, ಸಾಹೇಬರೇ. ಪಕ್ಕದ ಮನೆಯವನು ಹೇಳಿದ್ದರೆ ಅವನ ಬಾಗಿಲಿಗೆ ಹೋಗುತ್ತಿದ್ದೆ. ಇದು ಹೇಳಿದ್ದಕ್ಕೆ ಯಾರ ಬಾಗಿಲಿಗೆ ಹೋಗಲಿ?”

ಆ ದಿನ ಅಧಿಕಾರಿಗೆ ಊಟ ಸೇರಲಿಲ್ಲ. ಸಂಜೆಯಾಗುವುದರೊಳಗೆ ಆಜ್ಞೆ ಬರೆದ: ಈ ಊರಿನಲ್ಲಿ ಯಾವ ಯಂತ್ರವೂ ಮನಸ್ಸಿಗೆ ಚಿಕಿತ್ಸೆ ಕೊಡಕೂಡದು. ಮಾರನೆಯ ದಿನ ಫೋನು ತೆರೆದವರೊಂದಿಗೆ ಯಂತ್ರ ಮಾತನಾಡಲಿಲ್ಲ. ದರ್ಜಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಊರವರು ಅಧಿಕಾರಿಗೆ ಶಾಲು ಹೊದಿಸಿದರು. ಅವನು ಆ ಕಡತ ಮುಚ್ಚಿ ಮುಂದಿನದನ್ನು ತೆರೆದ.

ಹೀಗಿರುವಾಗ ಒಬ್ಬ ಲಾರಿ ಚಾಲಕ ಕಚೇರಿಗೆ ಬಂದ. ಮೇಜಿನ ಮುಂದೆ ನಿಂತೇ ಮಾತನಾಡಿದ. ಹೆದ್ದಾರಿಯಲ್ಲಿ ಮಂಜು ಕವಿದ ಒಂದು ಬೆಳಗಿನ ಜಾವ ರಸ್ತೆ ದಾಟುತ್ತಿದ್ದ ಮುದುಕನೊಬ್ಬ ಅವನ ಗಾಲಿಗೆ ಸಿಕ್ಕಿ ಸತ್ತಿದ್ದ. ಚಾಲಕನದು ತಪ್ಪಿಲ್ಲವೆಂದು ಕೋರ್ಟು ಹೇಳಿತು. ಆದರೆ ಅವನು ಸ್ಟಿಯರಿಂಗ್ ಹಿಡಿದಾಗಲೆಲ್ಲ ಮುದುಕನ ಬಿಳಿ ಟವೆಲು ಕಣ್ಣೆದುರು ಬರುತ್ತಿತ್ತು. ಕುಡಿತಕ್ಕೆ ಬಿದ್ದ. ಆಮೇಲೆ ಯಾರೋ ಈ ಯಂತ್ರವನ್ನು ತೋರಿಸಿಕೊಟ್ಟರು. ಟವೆಲು ಕಂಡಾಗ ಲಾರಿಯನ್ನು ಪಕ್ಕಕ್ಕೆ ಹಾಕಿ ಅದರ ಜೊತೆ ಮಾತನಾಡುತ್ತಿದ್ದ. ಕುಡಿತ ಬಿಟ್ಟಿದ್ದ.

“ಅದನ್ನು ನಿಲ್ಲಿಸಿದ್ದು ನೀವೇ ಏನು, ಸಾಹೇಬರೇ?”

“ಹೌದು. ಅದರಿಂದ ಒಂದು ಸಂಸಾರ ಹಾಳಾಯಿತು.”

“ಇರಬಹುದು. ಅದರ ಪರವಾಗಿ ವಾದ ಮಾಡಲು ನಾನು ಬಂದಿಲ್ಲ. ಈಗ ನಾನು ಎಲ್ಲಿಗೆ ಹೋಗಬೇಕು, ಅದನ್ನು ಕೇಳಲು ಬಂದೆ.”

“ಆಸ್ಪತ್ರೆಗೆ ಹೋಗಿ. ಮನೋವೈದ್ಯರಿದ್ದಾರಲ್ಲ.”

“ಅವರು ಮಂಗಳವಾರ ಮಾತ್ರ ಬರುತ್ತಾರೆ. ಹೋಗಿದ್ದೆ. ಹೆಸರು ಬರೆಸಿಕೊಂಡು ಮುಂದಿನ ತಿಂಗಳು ಬಾ ಅಂದರು. ಆ ಹೊತ್ತಿಗೆ ನಾನು ಯಾವ ರಸ್ತೆಯಲ್ಲಿರುತ್ತೇನೋ.”

ಅಧಿಕಾರಿಗೆ ಸಂಕಟವಾಯಿತು. ಆದರೆ ಅವನಿಗೆ ಗೊತ್ತಿದ್ದ ದಾರಿ ಒಂದೇ. “ಒಂದು ಅರ್ಜಿ ಬರೆದುಕೊಡಿ, ಮೇಲಕ್ಕೆ ಕಳಿಸುತ್ತೇನೆ” ಎಂದ. ಚಾಲಕ ಅವನ ಮುಖವನ್ನೇ ನೋಡಿದ. ಕೈಮುಗಿದು ಹೊರಗೆ ಹೋದ. ಅರ್ಜಿ ಬರಲಿಲ್ಲ. ಅಧಿಕಾರಿಯೂ ಅದನ್ನು ಮರೆತ.

ಕೆಲವು ವಾರಗಳಾದ ಮೇಲೆ ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಸೇತುವೆಯ ತಡೆಗೋಡೆ ಒಡೆದು ಲಾರಿಯೊಂದು ಒಣಹಳ್ಳಕ್ಕೆ ಉರುಳಿತ್ತು. ಪಕ್ಕದಲ್ಲಿ ಚಾಲಕನ ಮುಖದ ಚಿತ್ರವಿತ್ತು, ಅವನು ಕುಡಿದಿದ್ದ ಎಂದು ಬರೆದಿತ್ತು. ಬೇರೆ ಯಾರಿಗೂ ಪೆಟ್ಟಾಗಿರಲಿಲ್ಲ. ಅಧಿಕಾರಿಗೆ ಹೆಸರು ನೆನಪಿರಲಿಲ್ಲ, ಮುಖ ನೆನಪಿತ್ತು. ಪತ್ರಿಕೆ ಕೆಳಗಿಟ್ಟು ನೇರ ಆಸ್ಪತ್ರೆಗೆ ಹೋದ.

ಚಾಲಕನ ಒಂದು ಕಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಅವನ ತಾಯಿ ಎದ್ದು ಅಧಿಕಾರಿಗೆ ಸ್ಟೂಲು ಕೊಟ್ಟಳು. ಅಧಿಕಾರಿ ಕುಳಿತ. ಏನು ಕೇಳಬೇಕೆಂದು ತಿಳಿಯದೆ ನೆಟ್ಟಗೆ ಕೇಳಿಯೇಬಿಟ್ಟ: “ನನ್ನಿಂದ ಹೀಗಾಯಿತೇ?”

“ಇಲ್ಲ, ಸಾಹೇಬರೇ. ಕುಡಿದವನು ನಾನು” ಎಂದ ಚಾಲಕ. “ದರ್ಜಿಯ ವಿಷಯ ಆಮೇಲೆ ತಿಳಿಯಿತು. ನೀವು ಮಾಡಿದ್ದು ಸರಿಯೇ. ಆದರೆ ಅವತ್ತು ನಿಮ್ಮ ಕಚೇರಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಎಡಗಡೆ ಬ್ರಾಂದಿ ಅಂಗಡಿ ಇತ್ತು.”

“ಬಲಗಡೆ?”

“ಬಲಗಡೆ ಏನೂ ಇರಲಿಲ್ಲ.”

ಅಧಿಕಾರಿ ಮಧ್ಯಾಹ್ನದವರೆಗೂ ಏಳಲಿಲ್ಲ. ಚಾಲಕ ಮಂಜಿನ ಆ ಬೆಳಗನ್ನು ಮೊದಲಿಂದ ಹೇಳಿದ. ಮುದುಕನ ಕೈಯಲ್ಲಿ ಹಾಲಿನ ತಂಬಿಗೆ ಇತ್ತಂತೆ, ಹಾಲು ಟಾರು ರಸ್ತೆಯ ಮೇಲೆ ಹರಿದು ಬಹಳ ದೂರ ಹೋಯಿತಂತೆ. ಅಧಿಕಾರಿ ಕೇಳುತ್ತಾ ಕೂತ. ಚಾಲಕ ಹೇಳುತ್ತಾ ಹೇಳುತ್ತಾ ನಿದ್ದೆಹೋದ. ಅವನು ಹೀಗೆ ಕಣ್ಣು ಮುಚ್ಚಿ ಎಷ್ಟೋ ದಿನವಾಯಿತು ಎಂದಳು ತಾಯಿ.

ಕಚೇರಿಗೆ ಮರಳಿದ ಅಧಿಕಾರಿ ಮುಚ್ಚಿದ ಕಡತವನ್ನು ಮತ್ತೆ ತರಿಸಿದ. ಹಳೆಯ ಆಜ್ಞೆಯನ್ನು ಹರಿಯಲಿಲ್ಲ. ಯಂತ್ರ ವೈದ್ಯನ ಪೀಠದಲ್ಲಿ ಕೂರಕೂಡದು ಎಂಬುದನ್ನು ಹಾಗೆಯೇ ಉಳಿಸಿದ. ಅದರ ಕೆಳಗೆ ಬರೆದ: ಬರೀ ಮಾತುಕತೆಗೆಂದು ಇಂಥ ಯಂತ್ರವನ್ನು ನಡೆಸುವವರು ಒಬ್ಬ ನಿಜವಾದ ವೈದ್ಯನ ಮೇಲ್ವಿಚಾರಣೆಯಲ್ಲೇ ನಡೆಸಬೇಕು, ಆ ವೈದ್ಯನ ಹೆಸರು ಎಲ್ಲರಿಗೂ ತಿಳಿದಿರಬೇಕು, ಔಷಧಿಯ ಮಾತು, ಸಾವಿನ ಮಾತು ಬಂದ ಕೂಡಲೇ ಯಂತ್ರ ಬಾಯಿ ಮುಚ್ಚಿ ಮನುಷ್ಯನನ್ನು ಕರೆಯಬೇಕು, ಕೇಡಾದರೆ ಅದರ ಹೊಣೆ ನಡೆಸುವವರದು.

ಅದನ್ನು ಓದಿ ವರ್ತಕ ನಕ್ಕ. “ಯಂತ್ರದ ಹಿಂದೆ ಮನುಷ್ಯನನ್ನು ಕೂರಿಸುವುದಾದರೆ ಯಂತ್ರ ಯಾಕೆ, ಸ್ವಾಮಿ?” ಎಂದವನೇ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೊರಟ. ಅಧಿಕಾರಿ ಹೋಗಗೊಟ್ಟ.

ಯಂತ್ರವೂ ಇಲ್ಲ, ವೈದ್ಯರೂ ಇಲ್ಲ ಎನ್ನುವ ಹಾಗಾಯಿತು. ಈ ಸಲ ಅಧಿಕಾರಿ ಅಲ್ಲಿಗೆ ಬಿಡಲಿಲ್ಲ. ಮನೋವೈದ್ಯರು ವಾರವೆಲ್ಲ ಬೇಕು, ಮಾತು ಕೇಳಲು ಕಲಿತವರು ಬೇಕು ಎಂದು ಮೇಲಕ್ಕೆ ಬರೆದ. ಉತ್ತರ ಬರಲಿಲ್ಲ. ತಾನೇ ಹೋದ. ಹುದ್ದೆ ಮಂಜೂರಾಗಿಲ್ಲ ಎಂದರು. ಮತ್ತೆ ಹೋದ. ಅವನ ಮೇಜಿನ ಮೇಲೆ ಬೇರೆ ಕಡತಗಳು ಹಳಸಿದವು, ಜನ ಬೈದರು. ಕೊನೆಗೆ ಆಪ್ತಸಮಾಲೋಚನೆಯ ತರಬೇತಿ ಪಡೆದ ಇಬ್ಬರು ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟರು. ಒಬ್ಬಾಕೆ ಆಸ್ಪತ್ರೆಯಲ್ಲಿ ಕೂತಳು. ಇನ್ನೊಬ್ಬಾಕೆಗೆ ಲಾರಿ ನಿಲ್ದಾಣದಲ್ಲಿ ಹಳೇ ಟೈರು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿಕೊಟ್ಟ. ರಾತ್ರಿ ಊಟದ ಹೊತ್ತಿನವರೆಗೂ ಬಾಗಿಲು ತೆರೆದಿರಬೇಕೆಂದು ಹೇಳಿದ.

ಮೊದಮೊದಲು ಯಾರೂ ಬರಲಿಲ್ಲ. ಚಾಲಕರು ಕೋಣೆಯನ್ನು ದೂರದಿಂದ ನೋಡಿ ಚಹಾ ಕುಡಿದು ಹೋಗುತ್ತಿದ್ದರು. ಅಲ್ಲಿಗೆ ಮೊದಲು ಕಾಲಿಟ್ಟವಳು ದರ್ಜಿಯ ಹೆಂಡತಿ. ಅವಳ ಗಂಡನ ವಿಷಯ ಕೇಳದವರು ಆ ಊರಿನಲ್ಲಿ ಇರಲಿಲ್ಲ. ಅವಳ ವಿಷಯವನ್ನು ಯಾರೂ ಕೇಳಿರಲಿಲ್ಲ. ಒಳಗೆ ಹೋಗಿ ಕೂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಅತ್ತು ಮುಗಿಸಿ ಮಾತನಾಡಿದಳು. ಅವಳು ಹೊರಗೆ ಬಂದದ್ದನ್ನು ನೋಡಿದ ಕ್ಲೀನರನೊಬ್ಬ ಆಮೇಲೆ ಒಳಗೆ ಹೋದ. ಅವನ ಹಿಂದೆ ಇನ್ನೂ ಕೆಲವರು ಹೋದರು.

ದರ್ಜಿ ಈಗ ಮನೆಯಲ್ಲಿದ್ದಾನೆ. ಗುಂಡಿ ಹೊಲಿಯುತ್ತಾನೆ. ಕತ್ತರಿಯನ್ನು ಹೆಂಡತಿ ಇನ್ನೂ ಅವನ ಕೈಗೆ ಕೊಟ್ಟಿಲ್ಲ. ಚಾಲಕ ಮತ್ತೆ ಲಾರಿ ಹತ್ತಲಿಲ್ಲ. ನಿಲ್ದಾಣದಲ್ಲಿ ಲಾರಿಗಳಿಗೆ ಸರದಿ ಹಚ್ಚುವ ಕೆಲಸ ಮಾಡುತ್ತಾನೆ. ಆಗಾಗ ಬೀಳುತ್ತಾನೆ, ಏಳುತ್ತಾನೆ. ಬಿದ್ದ ದಿನ ಎಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿದೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮಂದಾಕಿನಿ ಯೋಚಿಸಿದಳು. ದರ್ಜಿಯ ಹೆಂಡತಿ ಅವಳಿಗೆ ಹೊಸಬಳಲ್ಲ. ಅಂಥವರ ದೂರುಗಳನ್ನು ಓದಿಯೇ ಅವಳು ಕರಡು ಬರೆದಿದ್ದಳು. ಚಾಲಕನಂಥವರು ಯಾರೂ ದೂರು ಕೊಟ್ಟಿರಲಿಲ್ಲ.

“ಹಾಗಾದರೆ ಅಧಿಕಾರಿಯ ಮೊದಲ ಆಜ್ಞೆ ತಪ್ಪೇ, ಗುರುಗಳೇ?” ಎಂದು ಕೇಳಿದಳು.

“ತಪ್ಪಲ್ಲ ತಾಯಿ, ಅಲ್ಲಿಗೆ ಹೋಗಬೇಡಿ ಎಂದು ನೀನೂ ಸರಿಯಾಗಿಯೇ ಬರೆದಿದ್ದೀಯೆ, ಇಲ್ಲಿಗೆ ಬನ್ನಿ ಎಂದು ಎಲ್ಲಿ ಬರೆದಿದ್ದೀಯೆ?”

ಮಂದಾಕಿನಿ ಸಹಿ ಹಾಕದೆ, ಕರಡಿಗೆ ಇನ್ನಷ್ಟು ಬರೆಯಲು ಎದ್ದು ಹೊರಟಳು.