ಎರವಲು ಕೊಡಲಾಗದ ಕೂರಿಗೆ

"ತಾಯೀ, ನಾನು ಬರೆದ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದೇನೆ. ಇನ್ನೊಬ್ಬನೂ ತನ್ನದನ್ನು ಹಾಗೆಯೇ ಕೊಟ್ಟಿದ್ದಾನೆ. ಎರಡನ್ನೂ ಬೆಸೆದು ತಮ್ಮ ಯಂತ್ರಗಳಿಗೆ ಹೊಂದಿಸಿಕೊಡಿ ಎಂದು ಜನ ಕೇಳುತ್ತಿದ್ದಾರೆ. ಆದರೆ ಅವನ ಪರವಾನಗಿಯ ಕಟ್ಟಳೆಗಳಿಗೂ ನನ್ನವಕ್ಕೂ ಹೊಂದುವುದಿಲ್ಲ. ಇಬ್ಬರಲ್ಲಿ ಯಾರದು ಸರಿ?" ಎಂದು ಶಿಷ್ಯ ಕೇಳಿದ.

ಗುರುತಾಯಿ ಹುಬ್ಬು ಗಂಟಿಕ್ಕಿ ಹೇಳಿದರು:

ಕಪ್ಪು ಮಣ್ಣಿನ ಸೀಮೆಯಲ್ಲಿ ಒಬ್ಬ ಬಡಗಿ ಬೀಜ ಬಿತ್ತುವ ಒಳ್ಳೆಯ ಕೂರಿಗೆ ಮಾಡಿ ಕೇಳಿದವರಿಗೆಲ್ಲ ಧರ್ಮಕ್ಕೆ ಕೊಡುತ್ತಿದ್ದ. ಕಲ್ಲುಹರಳಿನ ಗರಸು ನೆಲದ ರೈತನೊಬ್ಬ ಬಂದು ಕೇಳಿದ. ಬಡಗಿ ಭಾಷೆ ಪಡೆದ: "ನಿನ್ನ ಹೊಲದಲ್ಲಿ ಹೇಗಾದರೂ ಬಳಸು. ಇನ್ನೊಬ್ಬರ ಕೈಗೆ ಕೊಡುವಾಗ ಯಾವ ಕಟ್ಟಳೆಯನ್ನೂ ಹೊಸದಾಗಿ ಹೇರಕೂಡದು."

ಗರಸಿನಲ್ಲಿ ಮರದ ಮೊನೆ ನಿಲ್ಲುವುದಿಲ್ಲ. ರೈತ ಕಮ್ಮಾರನ ಬಳಿಗೆ ಹೋದ. ಅವನೂ ಕಬ್ಬಿಣದ ಮೊನೆಗಳನ್ನು ಧರ್ಮಕ್ಕೇ ಕೊಟ್ಟ, ಭಾಷೆಯನ್ನೂ ಪಡೆದ: "ಯಾರಿಗೆ ಕೊಟ್ಟರೂ, ನನ್ನ ಕುಲುಮೆಯ ಹೆಸರು ಹೇಳುವುದಾಗಿ ಅವರಿಂದ ಆಣೆ ಮಾಡಿಸಿ ಕೊಡಬೇಕು."

ಒಳ್ಳೆಯವರ ಮಾತೆಂದು ರೈತ ಎರಡಕ್ಕೂ ಕೈಮೇಲೆ ಕೈಯಿಟ್ಟ. ಮೊನೆ ಜೋಡಿಸಿ ತನ್ನ ಹೊಲ ಬಿತ್ತಿದ.

ಬಿತ್ತನೆ ಮುಗಿದ ಕೂರಿಗೆ ನೆರೆಹೊಲಕ್ಕೆ ಹೋಗುವುದು ಅವರ ಊರಿನ ವಾಡಿಕೆ. ನೆರೆಯ ವಿಧವೆ ಎತ್ತು ಹೊಡೆದುಕೊಂಡು ಬಂದಳು. ಕೂರಿಗೆಗೆ ಕೈಹಾಕಿದ ರೈತ ಅಲ್ಲೇ ನಿಂತ. ಆಣೆ ಮಾಡಿಸಿದರೆ ಬಡಗಿಗೆ ಕೊಟ್ಟ ಮಾತು ತಪ್ಪಬೇಕು, ಮಾಡಿಸದಿದ್ದರೆ ಕಮ್ಮಾರನಿಗೆ.

"ಕೊಡುವಂತಿಲ್ಲ, ಅಕ್ಕಾ."

"ನಿನ್ನ ಹೊಲ ಬಿತ್ತಿದ ಕೂರಿಗೆಗೆ ನನ್ನ ಹೊಲ ಮೈಲಿಗೆಯೇನಪ್ಪ?"

ರೈತ ಬಡಗಿಯ ಬಳಿಗೆ ಓಡಿದ. "ಯಾವನೂ ಇದನ್ನು ಕಟ್ಟಿಹಾಕಬಾರದೆಂದೇ ನಾನು ಕಟ್ಟಳೆ ಇಟ್ಟದ್ದು. ಬಿಡುವುದಾದರೆ ಕಮ್ಮಾರ ಬಿಡಲಿ" ಎಂದ ಬಡಗಿ. ಕಮ್ಮಾರನ ಬಳಿಗೆ ಓಡಿದ. "ಬಿಟ್ಟಿ ಕೊಟ್ಟವನು ಒಂದು ಹೆಸರು ಕೇಳಿದರೆ ಅದೂ ಹೆಚ್ಚಾಯಿತೇ? ಬಡಗಿಯೇ ಬಿಡಲಿ" ಎಂದ ಅವನು. ಇಬ್ಬರೂ ಊಟಕ್ಕೆ ಏಳೆಂದು ಉಪಚಾರ ಮಾಡಿದರು. ಧರ್ಮಿಷ್ಠರು ನೋಡು! ಕಟ್ಟಳೆಯನ್ನು ಮಾತ್ರ ಕೂದಲೆಳೆಯಷ್ಟೂ ಸಡಿಲಿಸಲಿಲ್ಲ.

ರೈತ ಊರಿಗೆ ಮರಳುವಷ್ಟರಲ್ಲಿ ನೆಲದ ಹದ ಆರಿತ್ತು. ಅವನ ಹೊಲದಲ್ಲಿ ಸಾಲು ಹಿಡಿದು ಮೊಳಕೆ ಎದ್ದಿತ್ತು. ಬದುವಿನ ಆಚೆ ಆ ಹೆಂಗಸು ಬೀಜದ ಚೀಲವನ್ನು ಮತ್ತೆ ಮನೆಗೆ ಹೊರುತ್ತಿದ್ದಳು.

ಗುರುತಾಯಿ ಮಾತು ನಿಲ್ಲಿಸಿದರು. ಶಿಷ್ಯ, "ಬಡಗಿಯ ಕಟ್ಟಳೆಗೆ ಒಂದು ನ್ಯಾಯವಿದೆ, ತಾಯೀ. ಕಮ್ಮಾರನದಕ್ಕೂ ಇದೆ. ಹಾಗಾದರೆ ಹೆಚ್ಚು ಸರಿ ಯಾರದು?" ಎಂದ.

"ಎದ್ದು ಹೋಗಿ ಇದನ್ನು ಆ ಹೆಂಗಸಿನ ಮುಂದೆ ನಿಂತು ಕೇಳು" ಎಂದರು ಗುರುತಾಯಿ.